ಕುಟುಂಬ ವೈದ್ಯರು ಮತ್ತು ಸಿಬಿಟಿ ಚಿಕಿತ್ಸಕರ ಸಹಯೋಗ

ಖಿನ್ನತೆ, ಆತಂಕ, ನಿದ್ರಾಹೀನತೆ, ಪರೀಕ್ಷೆಗಳಲ್ಲಿ ಕಾರಣ ಸಿಗದ ಮೈಕೈ ನೋವು ಮುಂತಾದ ತೊಂದರೆಗಳಿರುವ ರೋಗಿಯನ್ನು ಕುಟುಂಬ ವೈದ್ಯರೂ ಸಿಬಿಟಿ ಎಂದು ಹೆಸರಾದ ಅರಿವಿನ ವರ್ತನಾ ಚಿಕಿತ್ಸೆಯ ತಜ್ಞರೂ ಜಂಟಿ ಹೊಣೆಯಿಂದ ನೋಡಿಕೊಳ್ಳುವ ಕ್ರಮ. ದೂರದ ಮಾನಸಿಕ ಆಸ್ಪತ್ರೆಗೆ ಅಲೆಯದೆ, ಜ್ವರ-ಕೆಮ್ಮಿಗೆ ಹೋಗುವ ಕಡೆಯಲ್ಲೇ ಮನೋಚಿಕಿತ್ಸೆಯೂ ದೊರೆಯಬೇಕು ಎಂಬುದು ಇದರ ಉದ್ದೇಶ. ಸಿಯಾಟಲ್, ಇಂಗ್ಲೆಂಡ್, ರಾವಲ್ಪಿಂಡಿ, ಗೋವಾ ಹೀಗೆ ಬೇರೆ ಬೇರೆ ನೆಲಗಳಲ್ಲಿ ಕಳೆದ ಮೂರು ದಶಕಗಳಿಂದ ಇದರ ಹಲವು ರೂಪಗಳನ್ನು ಪರೀಕ್ಷಿಸಲಾಗಿದೆ. ಆ ಪ್ರಯೋಗಗಳನ್ನು ಒಟ್ಟಿಗಿಟ್ಟು ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವೈದ್ಯರು ಶಿಫಾರಸು ಚೀಟಿ ಬರೆದುಕೊಟ್ಟ ಮಾತ್ರಕ್ಕೆ, ಇಲ್ಲವೇ ಇಬ್ಬರೂ ಒಂದೇ ಕಟ್ಟಡದಲ್ಲಿ ಕುಳಿತ ಮಾತ್ರಕ್ಕೆ ಸಹಯೋಗವಾಗುವುದಿಲ್ಲ. ರೋಗಿ ಚೇತರಿಸಿಕೊಳ್ಳುತ್ತಿದ್ದಾರೆಯೇ ಎಂದು ಕ್ರಮವಾಗಿ ಅಳೆದು, ಇಲ್ಲವೆಂದಾದರೆ ಚಿಕಿತ್ಸೆಯನ್ನು ಬದಲಿಸುವ ಹೊಣೆಯನ್ನು ಇಬ್ಬರೂ ಹೊತ್ತಾಗ ಮಾತ್ರ ರೋಗಿಗೆ ನಿಜವಾದ ಫಲ ಸಿಗುತ್ತದೆ.

ಎರಡು ವೃತ್ತಿಗಳ ಬಲ

ಕುಟುಂಬ ವೈದ್ಯರ ಬಲವಿರುವುದು ಪರಿಚಯದಲ್ಲಿ. ಅಜ್ಜಿಯ ಬಿಪಿ, ಮಗನ ಸಕ್ಕರೆ ಕಾಯಿಲೆ, ಸೊಸೆಯ ಹೆರಿಗೆ, ಮೊಮ್ಮಗುವಿನ ಲಸಿಕೆ ಎಲ್ಲವೂ ಅವರಿಗೆ ಗೊತ್ತಿರುತ್ತದೆ. ರೋಗಕ್ಕೆ ಇನ್ನೂ ಹೆಸರು ಬೀಳದ ಹಂತದಲ್ಲಿ ರೋಗಿ ಮೊದಲು ಬರುವುದು ಅವರ ಬಳಿಗೆ. ತಜ್ಞರ ಚಿಕಿತ್ಸೆ ಮುಗಿದ ಮೇಲೆ ಮರಳಿ ಬರುವುದೂ ಅಲ್ಲಿಗೇ. ಸಿಬಿಟಿ ಚಿಕಿತ್ಸಕರ ಬಲ ಇನ್ನೊಂದು ಬಗೆಯದು. ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ (1921–2021) 1960ರ ದಶಕದಲ್ಲಿ ಈ ಚಿಕಿತ್ಸೆಗೆ ತಳಹದಿ ಹಾಕಿದರು. ಖಿನ್ನತೆಗೊಳಗಾದವರ ಮನಸ್ಸಿನಲ್ಲಿ ತಮ್ಮ ಬಗ್ಗೆ, ಸುತ್ತಲಿನ ಲೋಕದ ಬಗ್ಗೆ, ಮುಂದಿನ ದಿನಗಳ ಬಗ್ಗೆ ಕರಾಳ ಯೋಚನೆಗಳು ತಾವಾಗಿಯೇ ಏಳುತ್ತವೆ, ರೋಗಿ ಅವನ್ನು ಪ್ರಶ್ನಿಸದೆ ಸತ್ಯವೆಂದು ನಂಬುತ್ತಾನೆ ಎಂದು ಅವರು ಗಮನಿಸಿದರು. ಖಿನ್ನತೆಯ ಚಿಕಿತ್ಸೆ ಕುರಿತು ಬೆಕ್ ಮತ್ತು ಸಂಗಡಿಗರ ಕೈಪಿಡಿ 1979ರಲ್ಲಿ ಪ್ರಕಟವಾಯಿತು. ಯೋಚನೆಯನ್ನು ಗುರುತಿಸಿ ಅದಕ್ಕೆ ಆಧಾರವಿದೆಯೇ ಎಂದು ನೋಡುವುದು, ಕೈಬಿಟ್ಟ ಕೆಲಸಗಳಿಗೆ ಸ್ವಲ್ಪಸ್ವಲ್ಪವಾಗಿ ಮರಳುವುದು, ಹೆದರಿ ದೂರವಿಟ್ಟಿದ್ದನ್ನು ಹಂತಹಂತವಾಗಿ ಎದುರಿಸುವುದು ಸಿಬಿಟಿಯ ಮುಖ್ಯ ಭಾಗಗಳು. ಸಾಮಾನ್ಯವಾಗಿ ಆರರಿಂದ ಇಪ್ಪತ್ತು ಭೇಟಿಗಳಲ್ಲಿ ಮುಗಿಯುವ ಈ ಚಿಕಿತ್ಸೆಯ ಹೆಚ್ಚಿನ ಪಾಲು ನಡೆಯುವುದು ಚಿಕಿತ್ಸಕರ ಕೋಣೆಯ ಹೊರಗೆ, ರೋಗಿ ದಿನವೂ ಮನೆಯಲ್ಲಿ ಮಾಡುವ ಅಭ್ಯಾಸಗಳಲ್ಲಿ. ಎರಡು ಭೇಟಿಗಳ ನಡುವಿನ ಆ ದಿನಗಳಲ್ಲಿ ರೋಗಿ ಕುಟುಂಬ ವೈದ್ಯರನ್ನು ಕಾಣುತ್ತಾರೆ, ಮಾತ್ರೆ ಬದಲಿಸಿಕೊಳ್ಳುತ್ತಾರೆ, ಇಸಿಜಿ ಮಾಡಿಸಿಕೊಳ್ಳುತ್ತಾರೆ. ಆದ್ದರಿಂದ ವೈದ್ಯರಾಡುವ ಮಾತೂ ಬರೆಯುವ ಔಷಧವೂ ಸಿಬಿಟಿಗೆ ಹೊರಗಿನವಲ್ಲ.

ಕ್ಲಿನಿಕ್ಕಿನಲ್ಲಿ ಕಾಣದೆ ಹೋಗುವ ಕಾಯಿಲೆ

ಸಮಾಜದಲ್ಲಿರುವ ಮಾನಸಿಕ ತೊಂದರೆಗಳಲ್ಲಿ ತಜ್ಞರವರೆಗೆ ತಲುಪುವುದು ಅಲ್ಪ ಭಾಗ ಮಾತ್ರ ಎಂಬುದನ್ನು ಡೇವಿಡ್ ಗೋಲ್ಡ್‌ಬರ್ಗ್ ಮತ್ತು ಪೀಟರ್ ಹಕ್ಸ್‌ಲಿ 1980ರಲ್ಲಿ ವ್ಯವಸ್ಥಿತವಾಗಿ ವಿವರಿಸಿದರು. ರೋಗಿ ವೈದ್ಯರ ಬಳಿಗೆ ಹೋಗಬೇಕು, ವೈದ್ಯರು ತೊಂದರೆಯನ್ನು ಗುರುತಿಸಬೇಕು, ಗುರುತಿಸಿದ ಮೇಲೆ ತಜ್ಞರಲ್ಲಿಗೆ ಕಳಿಸಬೇಕು. ಪ್ರತಿ ಹಂತದಲ್ಲೂ ಒಂದಷ್ಟು ಜನ ಹಿಂದೆ ಉಳಿಯುತ್ತಾರೆ. ಎರಡನೆಯ ಹಂತ ಎಷ್ಟು ಬಿಗಿಯಾದುದೆಂಬುದನ್ನು ಅಲೆಕ್ಸ್ ಮಿಚೆಲ್ ಮತ್ತು ಸಂಗಡಿಗರು 2009ರಲ್ಲಿ ಲೆಕ್ಕಹಾಕಿದರು: 41 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಖಿನ್ನತೆಯಿದ್ದ ರೋಗಿಗಳ ಪೈಕಿ ಸುಮಾರು ಶೇ. 47ರಷ್ಟು ಮಂದಿಯನ್ನು ಮಾತ್ರ ಸಾಮಾನ್ಯ ವೈದ್ಯರು ಸರಿಯಾಗಿ ಗುರುತಿಸಿದ್ದರು. ಇದನ್ನು ವೈದ್ಯರ ಅಸಡ್ಡೆ ಎಂದು ತಳ್ಳಿಹಾಕುವುದು ಅನ್ಯಾಯ. ರೋಗಿ ಹೇಳಿಕೊಳ್ಳುವುದು ಸುಸ್ತು, ತಲೆಭಾರ, ಎದೆ ಡವಡವ, ಕೈಕಾಲು ಸೆಳೆತ, ಹಸಿವಿಲ್ಲ, ನಿದ್ದೆಯಿಲ್ಲ ಎಂಬ ದೇಹದ ಭಾಷೆಯಲ್ಲಿ. ರಕ್ತಹೀನತೆ, ಥೈರಾಯ್ಡ್, ಮಧುಮೇಹಗಳೂ ಇದೇ ಭಾಷೆಯಲ್ಲಿ ಮಾತಾಡುತ್ತವೆ. ಅವನ್ನು ಮೊದಲು ತಳ್ಳಿಹಾಕುವುದು ವೈದ್ಯರ ಧರ್ಮ. ತೊಂದರೆ ಶುರುವಾಗುವುದು ಎಲ್ಲ ವರದಿಗಳೂ ಸರಿಯಿವೆ ಎಂದಾದ ಮೇಲೆ. ಆಗ ಬಿ-ಕಾಂಪ್ಲೆಕ್ಸ್ ಮಾತ್ರೆ, ಟಾನಿಕ್, ಗ್ಲೂಕೋಸ್ ಬಾಟಲಿ, ಇನ್ನೊಂದು ಸ್ಕ್ಯಾನ್ ಎಂದು ದಾರಿ ಉದ್ದವಾಗುತ್ತದೆ, ಮನೆಯ ಹಣ ಕರಗುತ್ತದೆ, ರೋಗ ಹಾಗೇ ಉಳಿಯುತ್ತದೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ತೊಂದರೆಗಳಿರುವವರಲ್ಲಿ ಶೇ. 85ರಷ್ಟು ಜನ ಚಿಕಿತ್ಸೆಯಿಂದ ಹೊರಗಿದ್ದರು.

ಒಂದೊಂದೇ ಕ್ರಮದ ಸೋಲು

ಈ ಕೊರತೆಗೆ ಮೊದಲು ಹೊಳೆದ ಪರಿಹಾರಗಳು ಸರಳವಾಗಿದ್ದವು. ವೈದ್ಯರಿಗೆ ಗೊತ್ತಿಲ್ಲವೆಂದಾದರೆ ಕಲಿಸೋಣ ಎಂಬುದು ಒಂದು. ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಸಾಮಾನ್ಯ ವೈದ್ಯರಿಗೆ ಖಿನ್ನತೆಯ ಬಗ್ಗೆ ಚೆನ್ನಾಗಿ ರೂಪಿಸಿದ ತರಬೇತಿ ಕೊಟ್ಟು ಪರೀಕ್ಷಿಸಲಾಯಿತು. ವೈದ್ಯರು ತರಬೇತಿಯನ್ನು ಮೆಚ್ಚಿದರು. ಆದರೆ 2000ದಲ್ಲಿ ಪ್ರಕಟವಾದ ಫಲಿತಾಂಶ ಹೇಳಿದ್ದು, ಖಿನ್ನತೆಯನ್ನು ಗುರುತಿಸುವುದರಲ್ಲಾಗಲಿ ರೋಗಿಗಳು ಗುಣವಾಗುವುದರಲ್ಲಾಗಲಿ ಸುಧಾರಣೆ ಕಾಣಲಿಲ್ಲ ಎಂದು. ಕಾಯುವ ಕೋಣೆಯಲ್ಲೇ ಪ್ರಶ್ನಾವಳಿ ತುಂಬಿಸಿ ಅಂಕವನ್ನು ವೈದ್ಯರ ಮೇಜಿನ ಮೇಲಿಡೋಣ ಎಂಬುದು ಇನ್ನೊಂದು ದಾರಿ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದ ಸೈಮನ್ ಗಿಲ್ಬಡಿ ಮತ್ತು ಸಂಗಡಿಗರ ಕಾಕ್ರೇನ್ ಸಮೀಕ್ಷೆ, ಅಂಕವನ್ನು ತಿಳಿಸಿದ ಮಾತ್ರಕ್ಕೆ ರೋಗಿಯ ಸ್ಥಿತಿ ಸುಧಾರಿಸುವುದಿಲ್ಲವೆಂದು ತೋರಿಸಿತು. ಕ್ಲಿನಿಕ್ಕಿನಲ್ಲೇ ಒಬ್ಬ ಆಪ್ತಸಮಾಲೋಚಕರನ್ನು ಕೂರಿಸೋಣ ಎಂಬುದು ಮೂರನೆಯದು. ಇದರಿಂದ ಮೊದಲ ಕೆಲವು ತಿಂಗಳು ಲಾಭ ಕಂಡಿತು, ದೀರ್ಘಾವಧಿಯಲ್ಲಿ ಅದು ಉಳಿಯಲಿಲ್ಲ. ಜ್ಞಾನ, ಅಳತೆ, ಚಿಕಿತ್ಸಕರು ಮೂರೂ ಬೇಕಾದವೇ. ಬಿಡಿಬಿಡಿಯಾಗಿ ಒದಗಿಸಿದಾಗ ಅವು ಸೋತದ್ದು, ಅವನ್ನು ಕೂಡಿಸುವ ಹೊಣೆ ಯಾರ ಮೇಲೂ ಇರದ ಕಾರಣದಿಂದ.

ಸಿಯಾಟಲ್‌ನಲ್ಲಿ ರೂಪುಗೊಂಡ ಮಾದರಿ

ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನೋವೈದ್ಯ ವೇಯ್ನ್ ಕೇಟನ್ 1990ರ ದಶಕದಲ್ಲಿ ಆ ಹೊಣೆಗೆ ಒಂದು ಆಕಾರ ಕೊಟ್ಟರು. 1995ರ ಅವರ ಪ್ರಯೋಗದಲ್ಲಿ ಮನೋವೈದ್ಯರು ಪ್ರಾಥಮಿಕ ಚಿಕಿತ್ಸಾ ಕೇಂದ್ರಕ್ಕೇ ಬಂದು ಕುಟುಂಬ ವೈದ್ಯರ ಜೊತೆ ಸರದಿಯಂತೆ ರೋಗಿಯನ್ನು ನೋಡಿದರು. 1996ರ ಪ್ರಯೋಗದಲ್ಲಿ ಮನಶ್ಶಾಸ್ತ್ರಜ್ಞರು ಅದೇ ಕೇಂದ್ರಗಳಲ್ಲಿ ಚುಟುಕಾದ ವರ್ತನಾ ಚಿಕಿತ್ಸೆ ನೀಡುತ್ತ, ಔಷಧದ ಬಗ್ಗೆ ವೈದ್ಯರೊಂದಿಗೆ ಸಮಾಲೋಚಿಸುತ್ತಿದ್ದರು. ತೀವ್ರ ಖಿನ್ನತೆಯಿದ್ದ ರೋಗಿಗಳು ಎರಡೂ ಪ್ರಯೋಗಗಳಲ್ಲಿ ಎಂದಿನ ಚಿಕಿತ್ಸೆ ಪಡೆದವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು. ಇದನ್ನೇ ಹಿಗ್ಗಿಸಿ ಯೂರ್ಗನ್ ಉನ್ಯುಟ್ಸರ್ ನೇತೃತ್ವದಲ್ಲಿ ನಡೆದ ಇಂಪ್ಯಾಕ್ಟ್ ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು. 18 ಚಿಕಿತ್ಸಾ ಕೇಂದ್ರಗಳ, 60 ವರ್ಷ ದಾಟಿದ 1,801 ರೋಗಿಗಳು ಅದರಲ್ಲಿದ್ದರು. ಪ್ರತಿ ರೋಗಿಗೂ ಒಬ್ಬ ಆರೈಕೆ ಸಂಯೋಜಕರು, ಔಷಧಕ್ಕೆ ಅವರದೇ ವೈದ್ಯರು, ಸಂಯೋಜಕರಿಗೆ ಮಾರ್ಗದರ್ಶನ ಮಾಡಲು ಮನೋವೈದ್ಯರು, ಜೊತೆಗೆ ಸಿಬಿಟಿಗೆ ಸಮೀಪದ ಸಮಸ್ಯೆ ಬಿಡಿಸುವ ಚಿಕಿತ್ಸೆ. ಒಂದು ವರ್ಷದ ಕೊನೆಗೆ ಈ ಗುಂಪಿನ ಶೇ. 45ರಷ್ಟು ಜನರಲ್ಲಿ ಖಿನ್ನತೆಯ ಲಕ್ಷಣಗಳು ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿದ್ದವು. ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಇದು ಶೇ. 19 ಮಾತ್ರ. ಇಂಥ 79 ಪ್ರಯೋಗಗಳನ್ನು, 24 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ 2012ರ ಕಾಕ್ರೇನ್ ಸಮೀಕ್ಷೆಯೂ ಖಿನ್ನತೆ ಮತ್ತು ಆತಂಕ ಎರಡರಲ್ಲೂ ಸಹಯೋಗದ ಆರೈಕೆ ಮೇಲು ಎಂದು ಕಂಡುಕೊಂಡಿತು. ಈ ಮಾದರಿಯ ಜೀವಾಳ ಒಂದು ಪಟ್ಟಿ: ಯಾರು ಚಿಕಿತ್ಸೆಯಲ್ಲಿದ್ದಾರೆ, ಅವರ ಅಂಕ ಎಷ್ಟಿತ್ತು ಈಗ ಎಷ್ಟಾಗಿದೆ, ಯಾರು ಬರುವುದನ್ನು ನಿಲ್ಲಿಸಿದ್ದಾರೆ ಎಂಬುದು ಅದರಲ್ಲಿರುತ್ತದೆ. ಬಾರದವರಿಗೆ ಫೋನು ಹೋಗುತ್ತದೆ. ಸುಧಾರಿಸದವರ ವಿಷಯ ಚರ್ಚೆಗೆ ಬರುತ್ತದೆ.

ಇಂಗ್ಲೆಂಡಿನ ರಾಷ್ಟ್ರೀಯ ಯೋಜನೆ

ಇಂಗ್ಲೆಂಡ್ ಹಿಡಿದ ದಾರಿ ಬೇರೆ. ಅರ್ಥಶಾಸ್ತ್ರಜ್ಞ ರಿಚರ್ಡ್ ಲೇಯಾರ್ಡ್ ಮತ್ತು ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್, ಖಿನ್ನತೆ-ಆತಂಕಗಳಿಗೆ ಮನೋಚಿಕಿತ್ಸೆ ಒದಗಿಸುವ ಖರ್ಚು ಜನ ಕೆಲಸಕ್ಕೆ ಮರಳುವುದರಿಂದಲೇ ತುಂಬಿಬರುತ್ತದೆ ಎಂದು ಸರ್ಕಾರದ ಮುಂದೆ ವಾದಿಸಿದರು. ಡಾಂಕಾಸ್ಟರ್ ಮತ್ತು ನ್ಯೂಹ್ಯಾಮ್‌ನಲ್ಲಿ 2006ರಲ್ಲಿ ಆರಂಭಿಕ ಪ್ರಯೋಗ ನಡೆದು, 2008ರಲ್ಲಿ ಯೋಜನೆ ದೇಶಕ್ಕೆ ವಿಸ್ತರಿಸಿತು. 2023ರಲ್ಲಿ ಅದಕ್ಕೆ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್ ಎಂಬ ಹೆಸರು ಬಂತು. ಹಗುರ ತೊಂದರೆಗೆ ಮಾರ್ಗದರ್ಶನದೊಂದಿಗಿನ ಸ್ವಸಹಾಯ, ಅದು ಸಾಲದಿದ್ದರೆ ಪೂರ್ಣ ಸಿಬಿಟಿ ಎಂಬ ಮೆಟ್ಟಿಲು ಕ್ರಮ ಅದರದು. ವೈದ್ಯರ ಚೀಟಿಯಿಲ್ಲದೆ ರೋಗಿ ನೇರವಾಗಿಯೂ ಹೋಗಬಹುದು. ಪ್ರತಿ ಭೇಟಿಯಲ್ಲೂ ಲಕ್ಷಣಗಳನ್ನು ಅಳೆಯುವುದು ಕಡ್ಡಾಯ. ಚಿಕಿತ್ಸೆ ಮುಗಿಸಿದವರಲ್ಲಿ ಅರ್ಧದಷ್ಟು ಜನ ಚೇತರಿಸಿಕೊಳ್ಳಬೇಕೆಂಬುದು ಬಹಿರಂಗ ಗುರಿ. ಮನೋಚಿಕಿತ್ಸೆಯ ಫಲವನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಅಳೆದು ಪ್ರಕಟಿಸಿದ್ದು ಈ ಯೋಜನೆಯ ದೊಡ್ಡ ಕೊಡುಗೆ. ಮಾತ್ರೆಯೋ ಮಾತೋ ಎಂಬ ಹಳೆಯ ಜಗಳವನ್ನು ಬಗೆಹರಿಸಿದ ಒಂದು ಪ್ರಯೋಗವೂ ಬ್ರಿಟನ್ನಿನದೇ. ಬ್ರಿಸ್ಟಲ್, ಎಕ್ಸಿಟರ್, ಗ್ಲಾಸ್ಗೊ ಸುತ್ತಲಿನ 73 ಕ್ಲಿನಿಕ್‌ಗಳಲ್ಲಿ, ಖಿನ್ನತೆಯ ಮಾತ್ರೆ ತೆಗೆದುಕೊಂಡೂ ಗುಣಕಾಣದ 469 ರೋಗಿಗಳ ಮೇಲೆ ಕೋಬಾಲ್ಟ್ ಅಧ್ಯಯನ ನಡೆಯಿತು. 2013ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ವೈದ್ಯರ ಎಂದಿನ ಚಿಕಿತ್ಸೆಯನ್ನು ಮುಂದುವರಿಸುತ್ತಲೇ ಸಿಬಿಟಿ ಸೇರಿಸಿದವರಲ್ಲಿ ಆರು ತಿಂಗಳಿಗೆ ಶೇ. 46ರಷ್ಟು ಜನರ ಲಕ್ಷಣಗಳು ಅರ್ಧಕ್ಕಾದರೂ ಇಳಿದವು. ಸಿಬಿಟಿ ಸಿಗದವರಲ್ಲಿ ಶೇ. 22. ಮೂರರಿಂದ ಐದು ವರ್ಷಗಳ ನಂತರವೂ ಆ ಲಾಭ ಉಳಿದಿತ್ತು. ಮಾತ್ರೆ ಕೈಕೊಟ್ಟಾಗ ಇನ್ನೊಂದು ಮಾತ್ರೆಯಷ್ಟೇ ಗತಿಯಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಆಧಾರ ವಿರಳ.

ದಕ್ಷಿಣ ಏಷ್ಯಾದ ಉತ್ತರ

ತಜ್ಞರೇ ಇಲ್ಲದ ಊರಿನಲ್ಲಿ ಇದೆಲ್ಲ ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮದೇ ಉಪಖಂಡದಲ್ಲಿ. ಅತಿಫ್ ರಹಮಾನ್ ಮತ್ತು ಸಂಗಡಿಗರು ರಾವಲ್ಪಿಂಡಿಯ ಹಳ್ಳಿಗಳಲ್ಲಿ, ನಮ್ಮ ಆಶಾ ಕಾರ್ಯಕರ್ತೆಯರನ್ನು ಹೋಲುವ ಆರೋಗ್ಯ ಕಾರ್ಯಕರ್ತೆಯರಿಗೆ ಸಿಬಿಟಿ ಆಧಾರಿತ ವಿಧಾನ ಕಲಿಸಿ ಖಿನ್ನತೆಯಿದ್ದ ಗರ್ಭಿಣಿಯರ ಮನೆಗೆ ಕಳಿಸಿದರು. 2008ರ ವರದಿಯಂತೆ, ಹೆರಿಗೆಯಾಗಿ ಆರು ತಿಂಗಳಿಗೆ ಈ ಗುಂಪಿನಲ್ಲಿ ಖಿನ್ನತೆ ಉಳಿದಿದ್ದು ಶೇ. 23ರಷ್ಟು ತಾಯಂದಿರಲ್ಲಿ; ಮಾಮೂಲು ಭೇಟಿಗಳಷ್ಟೇ ಸಿಕ್ಕವರಲ್ಲಿ ಶೇ. 53. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯ ಸಹವರ್ತಿಗಳು 2017ರಲ್ಲಿ ಪ್ರಕಟಿಸಿದ ಪ್ರಯೋಗ ಈ ಲೇಖನದ ವಾದಕ್ಕೆ ಇನ್ನೂ ಹತ್ತಿರದ್ದು. ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳ, ತೀವ್ರ ಖಿನ್ನತೆಯ 495 ರೋಗಿಗಳಿದ್ದ ಆ ಪ್ರಯೋಗದಲ್ಲಿ ಎರಡೂ ಗುಂಪುಗಳ ವೈದ್ಯರಿಗೆ ರೋಗಿಗೆ ಖಿನ್ನತೆಯಿದೆ ಎಂದು ತಿಳಿಸಲಾಗಿತ್ತು. ಒಂದು ಗುಂಪಿಗೆ ಮಾತ್ರ, ತರಬೇತಿ ಪಡೆದ ಸ್ಥಳೀಯ ಸಮಾಲೋಚಕರು ಸಿಬಿಟಿಯ ಒಂದು ಕವಲಾದ ವರ್ತನಾ ಸಕ್ರಿಯಗೊಳಿಸುವಿಕೆಯನ್ನು ಆರರಿಂದ ಎಂಟು ಭೇಟಿಗಳಲ್ಲಿ ನೀಡಿದರು. ಮೂರು ತಿಂಗಳಿಗೆ ಆ ಗುಂಪಿನ ಶೇ. 64ರಷ್ಟು ಜನ ಖಿನ್ನತೆಯಿಂದ ಹೊರಬಂದಿದ್ದರು, ಇನ್ನೊಂದರಲ್ಲಿ ಶೇ. 39. ವೈದ್ಯರಿಗೆ ಮಾಹಿತಿ ತಲುಪುವುದಕ್ಕೂ ವೈದ್ಯರ ಜೊತೆಗೊಬ್ಬರು ನಿಲ್ಲುವುದಕ್ಕೂ ಇರುವ ಅಂತರ ಈ ಎರಡು ಅಂಕಿಗಳ ನಡುವಿನದು. ಚೆನ್ನೈ, ದೆಹಲಿ, ವಿಶಾಖಪಟ್ಟಣ, ಬೆಂಗಳೂರಿನ ಮಧುಮೇಹ ಕ್ಲಿನಿಕ್‌ಗಳಲ್ಲಿ 404 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ, ಖಿನ್ನತೆಯನ್ನೂ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್‌ಗಳನ್ನೂ ಒಂದೇ ತಂಡ ಒಟ್ಟಿಗೆ ಹಿಂಬಾಲಿಸಿದರೆ ದೇಹ-ಮನಸ್ಸು ಎರಡೂ ಸುಧಾರಿಸುವ ಸಾಧ್ಯತೆ ಹೆಚ್ಚೆಂದು ತೋರಿಸಿತು: ಎರಡು ವರ್ಷಕ್ಕೆ ಅಂಥ ತಂಡದ ಆರೈಕೆ ಪಡೆದವರಲ್ಲಿ ಶೇ. 71.6, ಎಂದಿನ ಚಿಕಿತ್ಸೆಯವರಲ್ಲಿ ಶೇ. 57.4.

ವಾದಕ್ಕೆ ಎದುರಾಗಿ ನಿಲ್ಲುವಂತೆ ಕಾಣುವ ಎರಡು ಫಲಿತಾಂಶಗಳನ್ನೂ ಇಲ್ಲಿ ಎಣಿಸಬೇಕು. ಗೋವಾದಲ್ಲೇ ನಡೆದು 2010ರಲ್ಲಿ ಪ್ರಕಟವಾದ ಮಾನಸ್ ಪ್ರಯೋಗದಲ್ಲಿ 24 ಕೇಂದ್ರಗಳಿದ್ದವು, ಅರ್ಧ ಸರ್ಕಾರಿ, ಅರ್ಧ ಖಾಸಗಿ ಕ್ಲಿನಿಕ್‌ಗಳು. ಸಮಾಲೋಚಕರು ಸೇರಿಕೊಂಡ ಸರ್ಕಾರಿ ಕೇಂದ್ರಗಳಲ್ಲಿ ಆರು ತಿಂಗಳಿಗೆ ಶೇ. 65.9ರಷ್ಟು ಜನ ಗುಣಮುಖರಾದರೆ ಉಳಿದ ಸರ್ಕಾರಿ ಕೇಂದ್ರಗಳಲ್ಲಿ ಶೇ. 42.5 ಮಾತ್ರ. ಖಾಸಗಿ ಕ್ಲಿನಿಕ್‌ಗಳಲ್ಲಿ ಹೀಗೆ ವ್ಯತ್ಯಾಸ ಕಾಣಲಿಲ್ಲ. ಶ್ರೀಲಂಕಾದಲ್ಲಿ ಅತುಲ ಸುಮತಿಪಾಲ ಮತ್ತು ಸಂಗಡಿಗರು 2008ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಕಾರಣ ತಿಳಿಯದ ದೈಹಿಕ ಲಕ್ಷಣಗಳಿಗೆ ಪ್ರಾಥಮಿಕ ವೈದ್ಯರೇ ಕೊಟ್ಟ ಸಿಬಿಟಿ, ಅದೇ ವೈದ್ಯರು ನಿಗದಿತ ಭೇಟಿಗಳಲ್ಲಿ ಕೊಟ್ಟ ವ್ಯವಸ್ಥಿತ ಆರೈಕೆಗಿಂತ ಮೇಲೆನಿಸಲಿಲ್ಲ. ಸಿಬಿಟಿಯ ಹೆಸರಿಗೇ ಶಕ್ತಿಯಿದೆ ಎಂದು ನಂಬಿದವರಿಗೆ ಇದು ನಿರಾಸೆ. ಆದರೆ ಗೋವಾದ ಖಾಸಗಿ ವೈದ್ಯರಲ್ಲಿ ರೋಗಿಗೂ ವೈದ್ಯರಿಗೂ ಮೊದಲೇ ನಂಟಿರುತ್ತದೆ, ಅದೇ ವೈದ್ಯರು ಮತ್ತೆ ಮತ್ತೆ ನೋಡುತ್ತಾರೆ. ಶ್ರೀಲಂಕಾದಲ್ಲೂ ಎರಡೂ ಗುಂಪಿಗೆ ನಿಗದಿತ ಸಮಯ, ಮರುಭೇಟಿ ಸಿಕ್ಕಿತ್ತು. ನಿರಂತರ ಗಮನವೇ ಫಲದ ದೊಡ್ಡ ಪಾಲು ಎಂಬ ಮಾತನ್ನು ಈ ಫಲಿತಾಂಶಗಳು ಬಲಪಡಿಸುತ್ತವೆ. ಅಂಥ ಗಮನ ಈಗಾಗಲೇ ಇರುವ ಕಡೆ ಹೊಸದಾಗಿ ಸೇರಿಸುವುದು ಕಡಿಮೆ. ಇಲ್ಲದ ಕಡೆ ಅದನ್ನು ಕಟ್ಟುವುದೇ ಸಹಯೋಗದ ಕೆಲಸ.

ಒಬ್ಬ ರೋಗಿ, ಎರಡು ಸಲಹೆ

ಹೊಣೆ ಹಂಚಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದು ಪ್ಯಾನಿಕ್ ತೊಂದರೆಯಲ್ಲಿ ಢಾಳಾಗಿ ಕಾಣುತ್ತದೆ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು, ಉಸಿರು ಕಟ್ಟಿದಂತಾಗಿ, ಇನ್ನೇನು ಸತ್ತೆ ಎಂಬ ಭಯ ಆವರಿಸುತ್ತದೆ. ಮೊದಲ ಸಲ ಇಸಿಜಿ, ಥೈರಾಯ್ಡ್ ಪರೀಕ್ಷೆ ಬೇಕೇಬೇಕು. ಆದರೆ ಪ್ರತಿ ಸಲವೂ ಇಸಿಜಿ ತೆಗೆದು ಏನೂ ಇಲ್ಲವೆಂದು ಧೈರ್ಯ ಹೇಳಿದರೆ, ಆ ಇಸಿಜಿ ಇದ್ದದ್ದರಿಂದಲೇ ತಾನು ಬದುಕಿದೆ ಎಂದು ರೋಗಿಯ ಮನಸ್ಸು ಕಲಿಯುತ್ತದೆ. ಸಿಬಿಟಿ ಚಿಕಿತ್ಸಕರು ಮಾಡಿಸುವುದು ಇದಕ್ಕೆ ವಿರುದ್ಧವಾದದ್ದನ್ನು: ಮೆಟ್ಟಿಲು ಹತ್ತಿಸಿ, ವೇಗವಾಗಿ ಉಸಿರಾಡಿಸಿ ಎದೆಬಡಿತ ತಾನಾಗಿ ಏರಿ ತಾನಾಗಿ ಇಳಿಯುವುದನ್ನು ರೋಗಿಯೇ ಕಾಣುವಂತೆ ಮಾಡುತ್ತಾರೆ. ಹೃದಯಕ್ಕೆ ಅಪಾಯವಿಲ್ಲವೆಂಬ ವೈದ್ಯರ ಮಾತು ಮೊದಲೇ ಕೈಯಲ್ಲಿಲ್ಲದೆ ಚಿಕಿತ್ಸಕರು ಈ ಅಭ್ಯಾಸಕ್ಕೆ ಕೈಹಾಕುವಂತಿಲ್ಲ. ಚಿಕಿತ್ಸಕರು ಏನು ಮಾಡಿಸುತ್ತಿದ್ದಾರೆಂದು ತಿಳಿಯದ ವೈದ್ಯರು, ಭಯವಾದಾಗ ತೆಗೆದುಕೊಳ್ಳಿ ಎಂದು ಆಲ್‌ಪ್ರಜೋಲಾಮ್ ಬರೆದುಕೊಟ್ಟರೆ ಭಯವನ್ನು ಎದುರಿಸುವ ಕಲಿಕೆಯೇ ನಿಂತುಹೋಗುತ್ತದೆ, ಮಾತ್ರೆ ಅಭ್ಯಾಸವಾಗುತ್ತದೆ. ನಿದ್ರಾಹೀನತೆಯಲ್ಲೂ ಹೀಗೇ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಸಿಬಿಟಿಯೇ ಆಗಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಸೂಚಿಸಿತು. ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ಕಡಿತಗೊಳಿಸುವುದು ಅದರ ಒಂದು ಭಾಗ. ಮೊದಲ ವಾರಗಳಲ್ಲಿ ಹಗಲು ತೂಕಡಿಕೆ ಹೆಚ್ಚುತ್ತದೆ. ಫಿಟ್ಸ್ ಇರುವವರಿಗೆ, ಲಾರಿ ಓಡಿಸುವವರಿಗೆ ಇದು ಅಪಾಯ. ಆ ಇತಿಹಾಸ ಗೊತ್ತಿರುವುದು ಕುಟುಂಬ ವೈದ್ಯರಿಗೆ. ವರ್ಷಗಳಿಂದ ನುಂಗುತ್ತಿರುವ ನಿದ್ದೆ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸದೆ ಹಂತಹಂತವಾಗಿ ಇಳಿಸಬೇಕಾದವರೂ ಅವರೇ. ಇಬ್ಬರು ಜಾಣರು ಬೇರೆ ಬೇರೆ ಕೋಣೆಗಳಲ್ಲಿ ಸರಿಯಾದ ಸಲಹೆಯನ್ನೇ ಕೊಟ್ಟೂ ರೋಗಿಗೆ ಕೇಡಾಗಬಹುದು.

ಆಕ್ಷೇಪಗಳು

ಮೊದಲ ಆಕ್ಷೇಪ ಸಮಯದ್ದು. ಬೆಳಗ್ಗೆಯಿಂದ ಸಾಲುಗಟ್ಟಿ ನಿಂತ ರೋಗಿಗಳ ನಡುವೆ ವೈದ್ಯರು ಮನಸ್ಸಿನ ಮಾತು ಕೇಳುವುದು ಹೇಗೆ? ಲೋಕದ ಬೇರೆ ಬೇರೆ ದೇಶಗಳ ಪ್ರಾಥಮಿಕ ವೈದ್ಯರ ಭೇಟಿಯ ಅವಧಿ ಬಾಂಗ್ಲಾದೇಶದ 48 ಸೆಕೆಂಡಿನಿಂದ ಸ್ವೀಡನ್ನಿನ 22.5 ನಿಮಿಷದವರೆಗೆ ಹರಡಿದೆ ಎಂದು 2017ರ ಒಂದು ಸಮೀಕ್ಷೆ ತೋರಿಸಿತು. ಈ ಆಕ್ಷೇಪ ಹುಸಿಯಲ್ಲ. ಆದರೆ ಸಹಯೋಗವು ವೈದ್ಯರಿಂದ ಮನೋಚಿಕಿತ್ಸೆಯನ್ನು ಕೇಳುವುದಿಲ್ಲ. ಅವರಿಂದ ಬೇಕಾದದ್ದು ಗುರುತಿಸುವುದು, ದೈಹಿಕ ಕಾರಣ ತಳ್ಳಿಹಾಕುವುದು, ಈ ಚಿಕಿತ್ಸೆಯ ಮೇಲೆ ರೋಗಿಗೆ ನಂಬಿಕೆ ಹುಟ್ಟಿಸುವುದು, ಆಮೇಲೆ ಬಂದ ಅಂಕವನ್ನು ನೋಡಿ ಔಷಧ ನಿರ್ಧರಿಸುವುದು. ಕಾರಣ ಸಿಗದ ನೋವಿಗೆ ಹತ್ತಾರು ಸಲ ಬರುವ ರೋಗಿಗೆ ವ್ಯಯವಾಗುವ ಹೊತ್ತಿನ ಮುಂದೆ ಇದು ಹೆಚ್ಚಲ್ಲ. ಎರಡನೆಯದು ತಜ್ಞರ ಕೊರತೆ. ರಾವಲ್ಪಿಂಡಿ, ಗೋವಾಗಳ ಅನುಭವ ಇದಕ್ಕೆ ಉತ್ತರ. ಇಂಗ್ಲೆಂಡಿನಲ್ಲೂ ಡೇವಿಡ್ ರಿಚರ್ಡ್ಸ್ ಮತ್ತು ಸಂಗಡಿಗರ 2016ರ ಅಧ್ಯಯನ, ಕಿರಿಯ ಕಾರ್ಯಕರ್ತರು ನೀಡಿದ ವರ್ತನಾ ಸಕ್ರಿಯಗೊಳಿಸುವಿಕೆ ಪರಿಣತರ ಸಿಬಿಟಿಗೆ ಕಡಿಮೆಯಲ್ಲವೆಂದು ಕಂಡಿತು. ಆದರೆ ಈ ಎಲ್ಲ ಕಡೆಯೂ ಕಾರ್ಯಕರ್ತರ ಬೆನ್ನಿಗೆ ನಿಯಮಿತ ಮೇಲ್ವಿಚಾರಣೆಯಿತ್ತು. ಅದನ್ನು ಕೈಬಿಟ್ಟು ಎರಡು ದಿನದ ಶಿಬಿರ ಮಾಡಿ ಪ್ರಮಾಣಪತ್ರ ಹಂಚುವುದು ಆ ಪ್ರಯೋಗಗಳ ಹೆಸರು ಕೆಡಿಸಿದಂತೆ.

ಮೂರನೆಯ ಆಕ್ಷೇಪ ಹೆಚ್ಚು ಆಳದ್ದು: ಸಾಲ, ಕುಡುಕ ಗಂಡ, ಬೆಳೆನಷ್ಟಗಳಿಂದ ಬಂದ ಸಂಕಟಕ್ಕೆ ರೋಗದ ಹೆಸರಿಟ್ಟು, ಯೋಚನೆ ಬದಲಿಸಿಕೋ ಎಂದು ಬಡವರಿಗೆ ಹೇಳುವುದು ನ್ಯಾಯವೇ? ಸಂಕಟದ ಬೇರನ್ನು ಮರೆಮಾಚುವ ಚಿಕಿತ್ಸೆ ಕೆಟ್ಟ ಚಿಕಿತ್ಸೆಯೇ ಸರಿ. ಒಳ್ಳೆಯ ಸಿಬಿಟಿ ನಿಜವಾದ ಕಷ್ಟವನ್ನು ಭ್ರಮೆ ಎನ್ನುವುದಿಲ್ಲ. ಹಾಸಿಗೆಯಿಂದ ಏಳಲಾಗದವರು ಬ್ಯಾಂಕಿಗೆ, ಪಂಚಾಯಿತಿಗೆ, ಠಾಣೆಗೆ ಹೋಗುವಷ್ಟು ಶಕ್ತಿ ಮರಳಿ ಪಡೆಯಲು ಅದು ನೆರವಾಗುತ್ತದೆ. ಮನೆಯ ಸ್ಥಿತಿ ಬಲ್ಲ ಕುಟುಂಬ ವೈದ್ಯರು ಜೊತೆಗಿದ್ದಾಗ ಕಷ್ಟ ಯಾವುದು, ಕಾಯಿಲೆ ಯಾವುದು ಎಂಬ ವಿವೇಚನೆ ಸುಲಭವಾಗುತ್ತದೆ. ನಾಲ್ಕನೆಯದು ಗುಟ್ಟಿನದು. ಇಡೀ ಮನೆಯ ಪರಿಚಯವೇ ಇಲ್ಲಿ ತೊಡಕು: ಸೊಸೆ ಚಿಕಿತ್ಸಕರಲ್ಲಿ ಹೇಳಿಕೊಂಡದ್ದು ವೈದ್ಯರ ಮೂಲಕ ಅತ್ತೆಯ ಕಿವಿಗೆ ಬಿದ್ದರೆ ಚಿಕಿತ್ಸೆ ಅಲ್ಲಿಗೆ ಮುಗಿಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಇಬ್ಬರ ನಡುವೆ ಓಡಾಡಬೇಕಾದದ್ದು ಅಂಕ, ಔಷಧ, ಅಪಾಯದ ಸೂಚನೆ, ಚಿಕಿತ್ಸೆಯ ಗುರಿ ಇಷ್ಟೇ, ಅದೂ ರೋಗಿಯ ಒಪ್ಪಿಗೆಯಿಂದ; ಮನೆಯ ಕಥೆ ಹೇಳಿಕೊಂಡವರ ಬಳಿಯೇ ಉಳಿಯಬೇಕು. ಕೊನೆಯ ಆಕ್ಷೇಪ, ಲಾಭ ಸಾಧಾರಣ ಪ್ರಮಾಣದ್ದು ಎಂಬುದು. ಕಾಕ್ರೇನ್ ಸಮೀಕ್ಷೆಯಲ್ಲಿ ಕಂಡ ಸರಾಸರಿ ಪರಿಣಾಮ ದೊಡ್ಡದಲ್ಲ, ನಿಜ. ಆದರೆ ಆ ಲಾಭ ಎರಡು ವರ್ಷದವರೆಗೂ ಉಳಿಯುತ್ತದೆ, ತೊಂದರೆ ಕೋಟ್ಯಂತರ ಜನರದ್ದು. ಈ ಎರಡನ್ನೂ ಗುಣಿಸಿದಾಗ ಸಾಧಾರಣವೆಂಬ ಮಾತಿನ ತೂಕ ಬದಲಾಗುತ್ತದೆ.

ಕರ್ನಾಟಕದ ಸ್ಥಿತಿ

ಪ್ರಾಥಮಿಕ ವೈದ್ಯರ ಮೂಲಕ ಮಾನಸಿಕ ಚಿಕಿತ್ಸೆ ಎಂಬ ವಿಚಾರಕ್ಕೆ ಕರ್ನಾಟಕದ ಕಾಣಿಕೆ ಹಿರಿದು. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲೇ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆದು ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಆರಂಭಿಸಿತು. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆದ ಪ್ರಯೋಗವೇ 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಒದಗಿಸುವ ಏರ್ಪಾಡಾಯಿತು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ನಿಮ್ಹಾನ್ಸ್ ಕೇಂದ್ರ ಸಂಸ್ಥೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ನೆರವು ಸಿಗುತ್ತದೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಬರೆದ ಪುಸ್ತಕಗಳು ಮನೋರೋಗದ ಬಗ್ಗೆ ಕನ್ನಡದಲ್ಲಿ ನಾಚಿಕೆಯಿಲ್ಲದೆ ಮಾತಾಡುವ ದಾರಿ ಮಾಡಿಕೊಟ್ಟವು. ಕೊರತೆಯಿರುವುದು ಒಂದು ಕಡೆ: ಬಳ್ಳಾರಿ ಮಾದರಿಯ ಒತ್ತು ಔಷಧದ ಮೇಲಿತ್ತು. ಜಿಲ್ಲಾ ಕಾರ್ಯಕ್ರಮ ಕಾರ್ಯತಃ ಮಾತ್ರೆ ಹಂಚುವುದಕ್ಕೆ ಕುಗ್ಗಿದೆ ಎಂದು ಉತ್ತರ ಪ್ರದೇಶದ ಅಧ್ಯಯನದ ಆಧಾರದ ಮೇಲೆ ಸುಮೀತ್ ಜೈನ್ ಮತ್ತು ಸುಶ್ರುತ್ ಜಾಧವ್ 2009ರಲ್ಲಿ ಬರೆದದ್ದು ಇಡೀ ವ್ಯವಸ್ಥೆಗೆ ಎಚ್ಚರಿಕೆ.

ಇದನ್ನು ಸರಿಪಡಿಸಲು ಬೇಕಾದ ಜನ ಬಹುಮಟ್ಟಿಗೆ ವ್ಯವಸ್ಥೆಯೊಳಗೇ ಇದ್ದಾರೆ. ಜಿಲ್ಲಾ ತಂಡದ ವಿನ್ಯಾಸದಲ್ಲೇ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರಿಗೆ ಸ್ಥಾನವಿದೆ. ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ. ಮನೆಮನೆಯ ಪರಿಚಯವಿರುವ ಆಶಾ ಕಾರ್ಯಕರ್ತೆಯರಿದ್ದಾರೆ. ಖಿನ್ನತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಕನ್ನಡದಲ್ಲಿದೆ. ಅದರ ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಹೌದು ಎಂಬ ಉತ್ತರ ಬಂದ ದಿನವೇ ಯಾರು ಮಾತಾಡಬೇಕು, ಎಲ್ಲಿಗೆ ಕಳಿಸಬೇಕು ಎಂಬುದನ್ನು ತೀರ್ಮಾನಿಸದೆ ಆ ಪ್ರಶ್ನಾವಳಿಯನ್ನು ಯಾವ ಕೇಂದ್ರವೂ ಹಂಚಬಾರದು. ಇದರ ಮೇಲೆ ಬೇಕಾದದ್ದು ಮೂರು ನಿಯಮ: ಚಿಕಿತ್ಸೆಯಲ್ಲಿರುವವರ ಪಟ್ಟಿಯನ್ನು ಹೆಸರಿಟ್ಟ ಒಬ್ಬ ವ್ಯಕ್ತಿ ನೋಡಿಕೊಳ್ಳಬೇಕು, ಸಮಾಲೋಚಕರು ವಾರಕ್ಕೊಮ್ಮೆ ಮನಶ್ಶಾಸ್ತ್ರಜ್ಞರೊಂದಿಗೆ ಆ ಪಟ್ಟಿಯನ್ನು ಚರ್ಚಿಸಬೇಕು, ಎಂಟು ವಾರವಾದರೂ ಅಂಕ ಇಳಿಯದ ರೋಗಿಯ ಚಿಕಿತ್ಸೆಯನ್ನು ವೈದ್ಯರೂ ಚಿಕಿತ್ಸಕರೂ ಕೂಡಿ ಬದಲಿಸಬೇಕು. ಖಾಸಗಿ ಕ್ಲಿನಿಕ್ ನಡೆಸುವ ವೈದ್ಯರೂ ಊರಿನ ಮನಶ್ಶಾಸ್ತ್ರಜ್ಞರೊಬ್ಬರ ಜೊತೆ ಇದೇ ಒಪ್ಪಂದ ಮಾಡಿಕೊಳ್ಳಬಹುದು. ದೊಡ್ಡ ಕಟ್ಟಡವೂ ಹೊಸ ಯಂತ್ರವೂ ಇದಕ್ಕೆ ಬೇಡ. ರೋಗಿಯನ್ನು ಕಳಿಸಿದಲ್ಲಿಗೆ ತನ್ನ ಕೆಲಸ ಮುಗಿಯಿತು ಎಂದು ವೈದ್ಯರೂ, ಭೇಟಿಗೆ ಬಾರದವರು ತನ್ನ ಲೆಕ್ಕಕ್ಕಿಲ್ಲ ಎಂದು ಚಿಕಿತ್ಸಕರೂ ಭಾವಿಸುವುದು ನಿಂತರೆ, ಮೂರು ದಶಕಗಳ ಪ್ರಯೋಗಗಳು ಸಾಬೀತುಪಡಿಸಿದ ಲಾಭ ನಮ್ಮ ತಾಲ್ಲೂಕುಗಳ ರೋಗಿಗಳಿಗೂ ದಕ್ಕುತ್ತದೆ.